ನನ್ನ ಪಾಠಕ್ಕೆ ಮಾಷ್ಟ್ರು ಆಕಳಿಸಿದ್ದು

ಅರಿವಳಿಕೆ ಕೊಡುವ ಡಾಕ್ಟರನ್ನು ಯಾರೂ ನೆನಪಿಟ್ಟುಕೊಳ್ಳುವುದಿಲ್ಲ. ನೆನಪಿಟ್ಟುಕೊಳ್ಳಬೇಕಾದ ಹೊತ್ತಿನಲ್ಲಿ ರೋಗಿ ನಿದ್ದೆಯಲ್ಲಿರುತ್ತಾನೆ. ಎದ್ದ ಮೇಲೆ ಸರ್ಜನ್ನರ ಕೈಗುಣವನ್ನು ಹೊಗಳುತ್ತಾನೆ. ಹಿರಿಯಡ್ಕದ ನಮ್ಮ ನೆರೆಕರೆಯವರ ಬಾಯಲ್ಲಿ ನಾನು ಕೊನೆಯವರೆಗೂ 'ಮಣಿಪಾಲದಲ್ಲಿ ಜನರನ್ನು ಮಲಗಿಸುವ ಕೆಲಸದವಳು' ಆಗಿಯೇ ಉಳಿದೆ. ಈ ವೃತ್ತಿಯಲ್ಲಿ ನಾಲ್ಕು ಜನರಿಂದ ಭೇಷ್ ಅನ್ನಿಸಿಕೊಳ್ಳುವ ಆಸೆ ಇದ್ದವರಿಗೆ ಇರುವುದು ಒಂದೇ ದಾರಿ, ಪಾಠ ಮಾಡುವುದು. ವಿದ್ಯಾರ್ಥಿಗಳಾದರೂ ಎಚ್ಚರವಾಗಿರುತ್ತಾರೆ. ನನ್ನ ಪಾಠದಲ್ಲಂತೂ ಎಚ್ಚರವಾಗಿಯೇ ಇರುತ್ತಿದ್ದರು. ಆ ವಿಷಯದಲ್ಲಿ ನನಗೆ ಬೇಕಾದಷ್ಟು ಜಂಭವಿತ್ತು.

ನಾನು ಹೇಳುತ್ತಿರುವುದು ಎಪ್ಪತ್ತರ ದಶಕದ ಕೊನೆಯ ವರ್ಷಗಳ ಮಾತು. ಮಣಿಪಾಲದಿಂದ ಅಲೆವೂರಿನ ಕಡೆಗೆ ಇಳಿಯುವಲ್ಲಿದ್ದ ನಮ್ಮ ಸಣ್ಣ ಆಸ್ಪತ್ರೆ ಈಗ ಇಲ್ಲ, ಕಟ್ಟಡವೂ ಇಲ್ಲ. ಆಪರೇಷನ್ನಿನ ಮೇಜು ಎರಡು, ಅರಿವಳಿಕೆಯವರು ಮೂರು ಜನ. ಮೂವರಲ್ಲಿ ಒಬ್ಬರು ರಜೆ ಹಾಕಿದರೆ ಉಳಿದಿಬ್ಬರಿಗೆ ಚಹಾ ಕುಡಿಯುವುದಕ್ಕೂ ಪುರುಸೊತ್ತಿಲ್ಲ. ಇದರ ಮೇಲೆ ಕಲಿಯಲು ಬರುವ ಹುಡುಗರ ತಂಡ ಬೇರೆ. ಇವರಿಗೆ ಪಾಠ ಯಾವಾಗ ಮಾಡುವುದು ಎಂದು ನಮ್ಮ ಮುಖ್ಯಸ್ಥರನ್ನು ಕೇಳಿದರೆ ಅವರು, "ಒಲೆ ಹೇಗೂ ಉರಿಯುತ್ತಾ ಉಂಟಲ್ಲ, ಗಂಜಿಯ ಜೊತೆಗೆ ನೀರೂ ಕಾಯಲಿ" ಎಂದರು. ಅಂದರೆ ರೋಗಿ ಮೇಜಿನ ಮೇಲಿರುವಾಗಲೇ ಪಾಠವೂ ನಡೆಯಬೇಕು.

ಈಗಿನವರಿಗೆ ಹೇಳಿದರೆ ನಂಬಲಾರರು, ಆಗ ನಮ್ಮ ಬಳಿ ಕೂಗಿ ಕರೆದು ಎಚ್ಚರಿಸುವ ಯಂತ್ರ ಒಂದೂ ಇರಲಿಲ್ಲ. ರೋಗಿಯ ನಾಡಿಯ ಮೇಲೆ ನಮ್ಮ ಬೆರಳು, ಅವನ ತುಟಿಯ ಬಣ್ಣದ ಮೇಲೆ ನಮ್ಮ ಕಣ್ಣು, ತೋಳಿಗೆ ಸುತ್ತಿದ ಪಟ್ಟಿ, ಪಕ್ಕದಲ್ಲಿ ಪಾದರಸದ ಬಿಪಿ ಪೆಟ್ಟಿಗೆ. ಇಷ್ಟೇ ನಮ್ಮ ಸಂಪತ್ತು. ಐದೈದು ನಿಮಿಷಕ್ಕೊಮ್ಮೆ ಬಿಪಿ ನೋಡಿ ಚಾರ್ಟಿನಲ್ಲಿ ಚುಕ್ಕೆ ಇಡಬೇಕು. ಪಾಠ ಇಲ್ಲದ ದಿನ ಆ ಚುಕ್ಕೆಗಳು ಮೇಲೆ ಕೆಳಗೆ ಕುಣಿಯುತ್ತಿದ್ದವು. ಪಾಠ ಇದ್ದ ದಿನ ಮಾತ್ರ, ಏನು ಮಾಯೆಯೋ, ಎಲ್ಲ ರೋಗಿಗಳ ಬಿಪಿಯೂ ಅಡಿಕೋಲು ಇಟ್ಟು ಎಳೆದ ಹಾಗೆ ನೇರವಾಗಿರುತ್ತಿತ್ತು. ಪಾಠ ಮುಗಿದ ಮೇಲೆ ಎಲ್ಲ ಚುಕ್ಕೆಗಳನ್ನೂ ಒಂದೇ ಸಲಕ್ಕೆ ಊಹೆಯ ಮೇಲೆ ಇಡುತ್ತಿದ್ದೆವು ಎಂಬುದನ್ನು ನಾವು ಮೂವರೂ ಬಲ್ಲೆವು, ಒಬ್ಬರಿಗೊಬ್ಬರು ಹೇಳಿಕೊಂಡವರಲ್ಲ.

ಇದನ್ನು ಬಲ್ಲ ನಾಲ್ಕನೆಯವರು ನಮ್ಮ ಥಿಯೇಟರಿನ ಸಿಸ್ಟರ್. ಕಾಪು ಕಡೆಯ ಕೊಂಕಣಿ ಕ್ರಿಶ್ಚಿಯನ್ ಮನೆಯವರು, ನನಗಿಂತ ಹದಿನೈದು ವರ್ಷ ದೊಡ್ಡವರು. ಶನಿವಾರ ಸಂಜೆ ಕಾಪುವಿಗೆ ಬಸ್ಸು ಹತ್ತಿದರೆ ಸೋಮವಾರ ಒಣ ಸಿಗಡಿಯ ಚಟ್ನಿಯ ಡಬ್ಬಿಯೊಂದಿಗೆ ಹಾಜರು. ನನ್ನ ಪಾಠ ನಡೆಯುವಾಗ ಅವರು ಗೋಡೆಯ ಬದಿಯ ಸ್ಟೂಲಿನಲ್ಲಿ ಕೂತು ಗಾಯಕ್ಕೆ ಇಡುವ ಗಾಜ್ ಬಟ್ಟೆ ಮಡಿಸುತ್ತಿದ್ದರು. ಹುಡುಗರು ನಗುವಾಗ ಅವರು ನಗುತ್ತಿರಲಿಲ್ಲ. ಅವರಿಗೆ ಹಾಸ್ಯಪ್ರಜ್ಞೆ ಕಡಿಮೆ ಎಂದು ನಾನು ತೀರ್ಮಾನಿಸಿದ್ದೆ.

ಹೀಗಿರುವಾಗ ಒಂದು ಸಂಜೆ ವಾರ್ಡಿನಲ್ಲಿ ಮರುದಿನದ ರೋಗಿಗಳನ್ನು ನೋಡುತ್ತಾ ಹೋದರೆ, ಮೂಲೆಯ ಮಂಚದಲ್ಲಿ ನನ್ನ ಗಣಿತದ ಮಾಷ್ಟ್ರು ಕೂತಿದ್ದಾರೆ.

ಕಾರ್ಕಳದ ಹೈಸ್ಕೂಲಿನಲ್ಲಿ ಮೂರು ವರ್ಷ ಅವರು ನನಗೆ ಬೀಜಗಣಿತ ಕಲಿಸಿದ್ದರು, ಅಥವಾ ಕಲಿಸಲು ನೋಡಿದ್ದರು. ತರಗತಿಯಲ್ಲಿ ಮಾತಾಡಿದರೆ, ಉತ್ತರ ತಪ್ಪಿದರೆ, ಪುಸ್ತಕ ಮರೆತು ಬಂದರೆ ಅವರು ಕ್ಷಮಿಸುತ್ತಿದ್ದರು. ಆಕಳಿಸಿದರೆ ಮಾತ್ರ ಕ್ಷಮೆ ಇಲ್ಲ, ಬೆಂಚಿನ ಮೇಲೆ ನಿಲ್ಲಬೇಕು. ಆಕಳಿಕೆ ಎಂದರೆ ಬಾಯಿ ತೆರೆದು ಬೈಯುವುದಕ್ಕಿಂತ ದೊಡ್ಡ ಬೈಗುಳ ಎಂದು ಅವರ ಸಿದ್ಧಾಂತ. ನಾನು ಬೆಳಗ್ಗೆ ಹಿರಿಯಡ್ಕದಿಂದ ಮೊದಲ ಬಸ್ಸಿಗೆ ಹೊರಟು ಬರುವವಳು, ಮಧ್ಯಾಹ್ನದ ಪೀರಿಯಡ್ಡಿನಲ್ಲಿ ಆಕಳಿಕೆ ತಡೆಯುವುದು ನನ್ನಿಂದ ಆಗುತ್ತಿರಲಿಲ್ಲ. ಬೆಂಚಿನ ಮೇಲೆ ನಿಂತರೆ ಕಿಟಕಿಯಿಂದ ಗೊಮ್ಮಟ ಬೆಟ್ಟ ಕಾಣುತ್ತಿತ್ತು. ಅಲ್ಲಿ ಅವನು, ಇಲ್ಲಿ ನಾನು, ಇಬ್ಬರೂ ನಿಂತೇ ಇರುತ್ತಿದ್ದೆವು.

ಮಾಷ್ಟ್ರು ಕನ್ನಡಕ ಸರಿಮಾಡಿಕೊಂಡು ನನ್ನನ್ನು ನೋಡಿದರು. ಹರ್ನಿಯಾ ಆಪರೇಷನ್ನಿಗೆ ಬಂದಿದ್ದರು.

"ನೀನು ಡಾಕ್ಟ್ರಾದದ್ದು ಗೊತ್ತಿತ್ತು. ನಿದ್ದೆ ಬರಿಸುವ ಡಾಕ್ಟ್ರು ಅಂತ ಗೊತ್ತಿರಲಿಲ್ಲ. ನಿನಗೆ ಅದೇ ಸರಿ ಮಾರಾಯ್ತಿ, ನನ್ನ ಕ್ಲಾಸಿನಲ್ಲಿ ಚೆನ್ನಾಗಿ ಅಭ್ಯಾಸ ಮಾಡಿದ್ದಿ."

"ನಿಮಗೆ ನಿದ್ದೆ ಬರಿಸುವುದಿಲ್ಲ ಮಾಷ್ಟ್ರೇ. ಬೆನ್ನಿಗೆ ಒಂದು ಇಂಜೆಕ್ಷನ್. ಸೊಂಟದಿಂದ ಕೆಳಗೆ ಮಾತ್ರ ಮರಗಟ್ಟುವುದು. ನೀವು ಎಚ್ಚರವಾಗಿಯೇ ಇರುತ್ತೀರಿ."

ಪಕ್ಕದಲ್ಲಿ ಕೂತಿದ್ದ ಅವರ ಹೆಂಡತಿ ನನ್ನ ಕೈ ಹಿಡಿದುಕೊಂಡರು. ಅವರಿಗೆ ಮಕ್ಕಳಿರಲಿಲ್ಲ. "ಇವರಿಗೆ ಎಂತ ಆಗುವುದಿಲ್ಲ ಅಲ್ವಾ ಮಗಾ?" ಎಂದು ಕೇಳಿದರು. ಎಂತದೂ ಆಗುವುದಿಲ್ಲ ಎಂದು ನಾನು ಹೇಳಿದೆ. ಎಲ್ಲರಿಗೂ ಹಾಗೆಯೇ ಹೇಳುತ್ತಿದ್ದೆ.

ಬೆನ್ನಿಗೆ ಕೊಡುವುದೇ ಆ ವಯಸ್ಸಿಗೆ ಒಳ್ಳೆಯದಿತ್ತು, ಅದು ನಿಜ. ಮಾಷ್ಟ್ರು ಎಚ್ಚರವಾಗಿದ್ದು ನನ್ನ ಪಾಠವನ್ನು ಕೇಳಲಿ ಎಂಬ ಆಸೆ ನನಗಿತ್ತು, ಅದೂ ನಿಜ. ಆ ರಾತ್ರಿ ನಾನು ಓದಿದ್ದು ರೋಗಿಯ ಕಾಗದಗಳನ್ನಲ್ಲ, ನನ್ನ ಟಿಪ್ಪಣಿಗಳನ್ನು. ವಿಷಯವನ್ನೂ ಸಂದರ್ಭಕ್ಕೆ ತಕ್ಕ ಹಾಗೆ ಆರಿಸಿದ್ದೆ: ಬೆನ್ನಿಗೆ ಅರಿವಳಿಕೆ ಕೊಟ್ಟಾಗ ರಕ್ತದೊತ್ತಡ ಇಳಿಯುವುದು, ಅದರ ಲಕ್ಷಣಗಳು, ಅದಕ್ಕೆ ಉಪಾಯ.

ಬೆಳಗ್ಗೆ ಎಲ್ಲವೂ ಸುಸೂತ್ರವಾಗಿ ಆರಂಭವಾಯಿತು. ಇಂಜೆಕ್ಷನ್ ಒಂದೇ ಸಲಕ್ಕೆ ಸರಿಯಾದ ಜಾಗಕ್ಕೆ ಹೋಯಿತು, ನಾನು ಅದನ್ನೂ ಹುಡುಗರಿಗೆ ತೋರಿಸಿದೆ. ಮಾಷ್ಟ್ರನ್ನು ಮಲಗಿಸಿ ಒಮ್ಮೆ ಬಿಪಿ ನೋಡಿದೆ, ಸರಿಯಾಗಿತ್ತು. ನಮ್ಮ ಸರ್ಜನ್ನರು ಉಡುಪಿಯವರು, ಮಧ್ಯಾಹ್ನದ ಸಾರನ್ನಕ್ಕೆ ಮನೆಗೇ ಹೋಗಬೇಕೆಂಬ ವ್ರತದವರು. ಅವರು ಹೊತ್ತು ಕಳೆಯದೆ ಕತ್ತಿ ಕೈಗೆತ್ತಿಕೊಂಡರು. ಆರು ಜನ ವಿದ್ಯಾರ್ಥಿಗಳು ನೋಟ್‌ಪುಸ್ತಕ ಹಿಡಿದು ನನ್ನ ಎದುರು ಅರ್ಧಚಂದ್ರಾಕಾರದಲ್ಲಿ ನಿಂತರು. ಮಾಷ್ಟ್ರ ತಲೆ ನನ್ನ ಎಡಗೈಯ ಪಕ್ಕದಲ್ಲಿತ್ತು. ನನ್ನ ಪಾಠದ ನಿಯಮ ಎಲ್ಲರಿಗೂ ಗೊತ್ತಿದ್ದದ್ದೇ, ಪ್ರಶ್ನೆ ಏನಿದ್ದರೂ ಕೊನೆಗೆ.

ನಾನು ಶುರು ಮಾಡಿದೆ. ಒಳ್ಳೆಯ ಓಘದಲ್ಲಿದ್ದೆ. ರಕ್ತನಾಳಗಳು ಸಡಿಲಗೊಳ್ಳುವುದನ್ನು ಹಬ್ಬದ ದಿನ ಶಾಲೆ ಬಿಟ್ಟ ಮಕ್ಕಳಿಗೆ ಹೋಲಿಸಿದೆ. ಮಾಸ್ಕಿನ ಮೇಲಿನ ಆರು ಜೊತೆ ಕಣ್ಣುಗಳೂ ನಕ್ಕವು. ಆಗ ಮಾಷ್ಟ್ರು ಬಾಯಿ ಅಗಲ ತೆರೆದು ಆಕಳಿಸಿದರು.

ಇಂಥ ಅವಕಾಶ ಬಿಡುವವಳು ನಾನಲ್ಲ. ಪಾಠ ನಿಲ್ಲಿಸಿ ಹುಡುಗರಿಗೆ ಬೆಂಚಿನ ಕಥೆಯನ್ನು ಹೇಳಿದೆ. "ನನ್ನ ಕ್ಲಾಸಿನಲ್ಲಿ ಬೆಂಚು ಇಲ್ಲ ಮಾಷ್ಟ್ರೇ, ನೀವು ಬಚಾವ್" ಎಂದೆ. ಹುಡುಗರು ನಕ್ಕರು, ಸರ್ಜನ್ನರೂ ನಕ್ಕರು. ಮಾಷ್ಟ್ರಿಗೆ ನಾಚಿಕೆಯಾಯಿತು. "ಕ್ಷಮಿಸಬೇಕು ಡಾಕ್ಟ್ರೇ" ಎಂದರು. ನನ್ನ ವಿದ್ಯಾರ್ಥಿಗಳ ಎದುರು ಅವರು ನನ್ನನ್ನು ಬಹುವಚನದಲ್ಲಿ ಕರೆದರು. ಅದು ನನಗೆ ಎಷ್ಟು ಹಿತವಾಯಿತೆಂದರೆ ಪಾಠದ ಓಘ ಇನ್ನೂ ಏರಿತು.

ಸ್ವಲ್ಪ ಹೊತ್ತಿಗೆ ಅವರು ಮತ್ತೆ ಆಕಳಿಸಿದರು. "ಪಾಠ ಇಷ್ಟು ಕೆಟ್ಟದಾಗಿ ಉಂಟಾ ಮಾಷ್ಟ್ರೇ?" ಎಂದೆ. ಅವರು ಉತ್ತರ ಕೊಡಲಿಲ್ಲ. ನಾನೂ ಉತ್ತರಕ್ಕೆ ಕಾಯಲಿಲ್ಲ, ಏಕೆಂದರೆ ಅಷ್ಟರಲ್ಲಿ ಲಕ್ಷಣಗಳ ಪಟ್ಟಿಗೆ ಬಂದಿದ್ದೆ. "ಬಿಪಿ ಇಳಿದಾಗ ಮೆದುಳಿಗೆ ರಕ್ತ ಕಡಿಮೆಯಾಗುತ್ತದೆ. ಎಚ್ಚರವಿರುವ ರೋಗಿ ಮೊದಲು ಮಾಡುವುದೇನು? ಆಕಳಿಸುತ್ತಾನೆ. ಬರೆದುಕೊಳ್ಳಿ" ಎಂದು ನನ್ನದೇ ಬಾಯಿಂದ ಹೇಳಿದೆ. ಆರು ಜನರೂ ಬರೆದುಕೊಂಡರು. "ಎರಡನೆಯದು, ಮುಖ ಬಿಳಿಚುತ್ತದೆ." ಬರೆದುಕೊಂಡರು. "ಮೂರನೆಯದು, ತಣ್ಣನೆಯ ಬೆವರು." ಅದನ್ನೂ ಬರೆದುಕೊಂಡರು. ನಾನು ಹೇಳುತ್ತಿದ್ದುದೆಲ್ಲ ನನ್ನ ಎಡಗೈಯ ಪಕ್ಕದಲ್ಲಿ ಒಂದೊಂದಾಗಿ ಆಗುತ್ತಿತ್ತು. ಅದನ್ನು ನೋಡಲು ಆ ಕೋಣೆಯಲ್ಲಿ ಬಿಡುವಿದ್ದವರು ಒಬ್ಬರೇ.

"ಡಾಕ್ಟ್ರೇ" ಎಂದರು ಸಿಸ್ಟರ್.

"ಪ್ರಶ್ನೆ ಕೊನೆಗೆ ಸಿಸ್ಟರ್."

"ಪ್ರಶ್ನೆ ಅಲ್ಲ. ಬಿಪಿ ಅರವತ್ತು ಉಂಟು."

ಅವರು ಯಾವಾಗ ಸ್ಟೂಲಿನಿಂದ ಎದ್ದು ಬಂದರು, ಯಾವಾಗ ಪಟ್ಟಿಗೆ ಗಾಳಿ ತುಂಬಿದರು, ಒಂದೂ ನನಗೆ ತಿಳಿದಿರಲಿಲ್ಲ. ತಿರುಗಿ ನೋಡಿದೆ. ಮಾಷ್ಟ್ರ ಮುಖ ಸುಣ್ಣದ ಗೋಡೆಯ ಹಾಗಿತ್ತು. ಹಣೆಯಲ್ಲಿ ಬೆವರು ಸಾಲಾಗಿ ನಿಂತಿತ್ತು. ನಾಡಿಗೆ ಬೆರಳಿಟ್ಟರೆ ನಾಡಿ ಸಿಗಲಿಲ್ಲ, ಕುತ್ತಿಗೆಯಲ್ಲಿ ಹುಡುಕಿದಾಗ ತೀರಾ ನಿಧಾನವಾಗಿ, ಬೇಡದ ಮನಸ್ಸಿನಿಂದ ಬಡಿಯುತ್ತಿತ್ತು. ನನಗೆ ಹೆದರಿಕೆಯಾಯಿತು. ಅಷ್ಟು ವರ್ಷ ಎಷ್ಟೋ ಜನರ ಬಿಪಿ ಇಳಿದದ್ದನ್ನು ನೋಡಿದ್ದೇನೆ, ಏರಿಸಿದ್ದೇನೆ, ಆದರೆ ಅವರಲ್ಲಿ ಯಾರನ್ನೂ ನಾನು ಗೇಲಿ ಮಾಡಿರಲಿಲ್ಲ.

ಸರ್ಜನ್ನರಿಗೆ ನಿಲ್ಲಿಸಲು ಹೇಳಿದೆ. ಇಬ್ಬರು ಹುಡುಗರು ಪುಸ್ತಕ ಬಿಸಾಡಿ ಮಾಷ್ಟ್ರ ಕಾಲುಗಳನ್ನು ಎತ್ತಿ ಹಿಡಿದರು. ಡ್ರಿಪ್ ಪೂರ್ತಿ ಬಿಟ್ಟೆ, ಮೂಗಿಗೆ ಆಕ್ಸಿಜನ್ ಇಟ್ಟೆ. ಬಿಪಿ ಏರಿಸುವ ಮದ್ದಿಗಾಗಿ ಕೈ ಚಾಚುವ ಮೊದಲೇ ಸಿಸ್ಟರ್ ತುಂಬಿಸಿಟ್ಟ ಸಿರಿಂಜನ್ನು ನನ್ನ ಕೈಯಲ್ಲಿ ಇಟ್ಟರು. ಕೊಟ್ಟೆ. ಪಾದರಸ ಎಪ್ಪತ್ತಕ್ಕೆ ಬಂತು, ಎಂಬತ್ತೈದಕ್ಕೆ, ಕೊನೆಗೆ ನೂರಕ್ಕೆ. ಐದು ನಿಮಿಷ ಆಗಿರಬಹುದು. ಮಾಷ್ಟ್ರ ತುಟಿಗೆ ಬಣ್ಣ ಬಂತು, ಕಣ್ಣು ತೆರೆದರು, ಸುತ್ತ ನೋಡಿದರು.

"ಕ್ಲಾಸು ಮುಗಿಯಿತಾ?" ಎಂದು ಕೇಳಿದರು.

ಆ ದಿನದ ಚಾರ್ಟಿನಲ್ಲಿ ಚುಕ್ಕೆಗಳು ಬಾವಿಗೆ ಇಳಿದು ಹತ್ತಿದ ಹಾಗಿದ್ದವು. ಆ ವರ್ಷ ನಾನು ಬರೆದ ಅತ್ಯಂತ ಪ್ರಾಮಾಣಿಕ ಚಾರ್ಟು ಅದೇ. ಕೆಲಸ ಮುಗಿದು ಚಹಾ ಕುಡಿಯಲು ಕೂತಾಗ ಮಾಷ್ಟ್ರನ್ನು ಉಳಿಸಿದ್ದು ನೀವೇ ಎಂದು ಸಿಸ್ಟರಿಗೆ ಹೇಳಿದೆ. ಮದ್ದು ಅಷ್ಟು ಬೇಗ ಹೇಗೆ ತಯಾರಾಯಿತು ಎಂದು ಕೇಳಿದೆ.

"ಅದು ಬೆಳಗ್ಗೆಯೇ ತುಂಬಿಸಿದ್ದು. ನಿಮ್ಮ ಪಾಠ ಇರುವ ದಿನ ತುಂಬಿಸಿ ಟ್ರೇಯಲ್ಲಿ ಬಟ್ಟೆ ಮುಚ್ಚಿ ಇಡುತ್ತೇನೆ."

"ಪಾಠ ಇಲ್ಲದ ದಿನ?"

"ಇಲ್ಲದ ದಿನ ಯಾಕೆ ಡಾಕ್ಟ್ರೇ? ನೀವು ನೋಡಿಕೊಳ್ಳುತ್ತೀರಿ ಅಲ್ವಾ."

ಸಿಸ್ಟರ್ ಅಷ್ಟಕ್ಕೇ ಬಿಡಲಿಲ್ಲ. "ಮಾತಾಡದೆ ಇರುವಾಗ ನೀವು ರೋಗಿಯ ಮುಖ ಬಿಟ್ಟು ಬೇರೆ ಎಲ್ಲಿಯೂ ನೋಡುವುದಿಲ್ಲ. ಮಾತಾಡುವಾಗ ಹುಡುಗರ ಕಣ್ಣು ನೋಡುತ್ತೀರಿ, ನಕ್ಕರಾ ಇಲ್ಲವಾ ಅಂತ" ಎಂದರು. ಹಾಸ್ಯಪ್ರಜ್ಞೆ ಇಲ್ಲದವರೆಂದು ನಾನು ಬದಿಗಿಟ್ಟಿದ್ದ ಹೆಂಗಸು ಅಷ್ಟು ವರ್ಷ ಕೂತು ನನ್ನನ್ನೇ ಓದುತ್ತಿದ್ದರು. ದೀಪದ ಬುಡದಲ್ಲಿ ಕತ್ತಲೆ ಎಂಬ ಗಾದೆಯನ್ನು ನಾನೇ ಎಷ್ಟೋ ಜನರಿಗೆ ಹೇಳಿದ್ದೆ.

ಮರುದಿನ ಬೆಳಗ್ಗೆ ಹುಡುಗರನ್ನು ಕರೆದುಕೊಂಡು ವಾರ್ಡಿಗೆ ಹೋದೆ. ಮಾಷ್ಟ್ರು ದಿಂಬಿಲ್ಲದೆ ಮಲಗಿದ್ದರು. ಬೆನ್ನಿಗೆ ಇಂಜೆಕ್ಷನ್ ತೆಗೆದುಕೊಂಡವರು ಒಂದು ದಿನ ಹಾಗೆಯೇ ಮಲಗಬೇಕಿತ್ತು. ನಮ್ಮನ್ನು ಕಂಡು, ಮಾಡಿನ ಕಡೆಗೆ ಮುಖ ಮಾಡಿಕೊಂಡೇ ಅವರು ಹೇಳಿದರು:

"ಡಾಕ್ಟ್ರೇ, ನಿಮ್ಮ ವಿದ್ಯಾರ್ಥಿಗಳ ಎದುರೇ ಹೇಳಬೇಕು. ನಿನ್ನೆ ನಾನು ನಿಮ್ಮ ಪಾಠದಲ್ಲಿ ಆಕಳಿಸಿದೆ, ಅದೂ ಎರಡು ಸಲ. ಆಮೇಲೆ ನಿದ್ದೆಯೇ ಮಾಡಿಬಿಟ್ಟೆ ಅಂತ ಕಾಣುತ್ತದೆ. ನಾನೂ ಪಾಠ ಮಾಡಿದವನು, ಅದು ಎಂಥ ಅವಮಾನ ಅಂತ ನನಗೆ ಗೊತ್ತುಂಟು. ತಪ್ಪಾಯಿತು."

ಆರು ಜನರೂ ನನ್ನ ಕಡೆ ನೋಡಿದರು. ಅವರಿಗೆ ನಿಜ ಗೊತ್ತಿತ್ತು, ನನಗೂ ಗೊತ್ತಿತ್ತು. ನಾನು ಏನು ಮಾಡಿದೆ? "ಪರವಾಗಿಲ್ಲ ಮಾಷ್ಟ್ರೇ" ಎಂದು ಆ ಕ್ಷಮಾಪಣೆಯನ್ನು ಸ್ವೀಕರಿಸಿ ಮುಂದಿನ ಮಂಚಕ್ಕೆ ಹೋದೆ. ನನ್ನ ಜೀವನದಲ್ಲಿ ನಾನು ಮಾಡಿದ ಅತಿ ಸಣ್ಣ ಕೆಲಸ ಅದು. ಬಿಪಿ ಇಳಿದದ್ದು ಗಮನ ತಪ್ಪಿ ಆದದ್ದು, ಇದನ್ನು ಗಮನವಿಟ್ಟೇ ಮಾಡಿದೆ.

ಅಂದು ಮಧ್ಯಾಹ್ನ ಮುಖ್ಯಸ್ಥರ ಬಳಿ ಹೋಗಿ, ಪಾಠ ಮಾಡುವವರೇ ರೋಗಿಯನ್ನೂ ನೋಡಿಕೊಳ್ಳುವುದು ಇನ್ನು ಬೇಡ ಎಂದೆ. ಹಾಗಾದರೆ ಜನ ಎಲ್ಲಿಂದ ತರುವುದು ಎಂದು ಅವರು ಕೇಳಿದರು. ಅದಕ್ಕೆ ಉತ್ತರವಿದ್ದದ್ದು ಸಿಸ್ಟರ್ ಬಳಿ. ಮುಂದಿನ ವಾರದಿಂದ ನಮ್ಮಲ್ಲಿ ಒಂದು ಹೊಸ ಹುದ್ದೆ ಸೃಷ್ಟಿಯಾಯಿತು. ಪಾಠ ನಡೆಯುವಾಗ ವಿದ್ಯಾರ್ಥಿಗಳಲ್ಲಿ ಒಬ್ಬ ರೋಗಿಯ ನಾಡಿ ಹಿಡಿದು, ಮುಖ ನೋಡುತ್ತಾ ನಿಲ್ಲಬೇಕು. ಅವನು ಪಾಠ ಕೇಳಬಾರದು, ಬರೆದುಕೊಳ್ಳಬಾರದು, ನನ್ನ ಹಾಸ್ಯಕ್ಕೆ ನಗಬಾರದು. ಏನಾದರೂ ಕಂಡರೆ ನನ್ನ ಮಾತನ್ನು ಅರ್ಧಕ್ಕೇ ಕಡಿದು ಹೇಳಬೇಕು. ಈ ಹುದ್ದೆಗೆ ಯಾರೂ ಒಪ್ಪಲಿಕ್ಕಿಲ್ಲ ಎಂದುಕೊಂಡಿದ್ದೆ. ನನ್ನ ಪಾಠವನ್ನು ಕೇಳದೆ ಇರುವ ಅವಕಾಶಕ್ಕಾಗಿ ಹುಡುಗರು ಸರದಿ ತನ್ನದು ತನ್ನದು ಎಂದು ಜಗಳಾಡಿದ್ದನ್ನು ಕಂಡು ನನ್ನ ಜಂಭ ಇನ್ನೊಂದು ಮೆಟ್ಟಿಲು ಇಳಿಯಿತು. ಆ ಮೊದಲ ವಾರದಲ್ಲೇ ನನ್ನ ಎರಡು ಒಳ್ಳೆಯ ಚಟಾಕಿಗಳು ನಡುವೆಯೇ ತುಂಡಾದವು, ಎರಡೂ ಸಲ ಹುಡುಗ ಕಂಡದ್ದು ಸರಿಯಾಗಿತ್ತು.

ಆದರೆ ಅದು ಆಮೇಲಿನದು. ಅಂದು ಸಂಜೆ, ಮಾಷ್ಟ್ರ ಹೆಂಡತಿ ಬಟ್ಟಲು ತೊಳೆಯಲು ನಳ್ಳಿಯ ಹತ್ತಿರ ಹೋದ ಹೊತ್ತು ನೋಡಿ ನಾನು ಒಬ್ಬಳೇ ಮಾಷ್ಟ್ರ ಮಂಚದ ಬಳಿ ಹೋದೆ. ನೀವು ಆಕಳಿಸಿದ್ದು ಪಾಠಕ್ಕಲ್ಲ, ನಿದ್ದೆಯನ್ನೂ ಮಾಡಲಿಲ್ಲ, ನಿಮ್ಮ ಬಿಪಿ ಇಳಿಯುತ್ತಿತ್ತು, ನಾನು ನೋಡಲಿಲ್ಲ, ನೋಡದೆ ನಿಮ್ಮನ್ನು ನಗೆಪಾಟಲು ಮಾಡಿದೆ, ಸಿಸ್ಟರ್ ಇಲ್ಲದಿದ್ದರೆ ಕಷ್ಟವಿತ್ತು, ಎಂದು ಒಂದೇ ಉಸಿರಿಗೆ ಹೇಳಿ ಮುಗಿಸಿದೆ. 

"ಬೆಳಗ್ಗೆ ನಾನು ತಪ್ಪಾಯಿತು ಅಂದಾಗ ನೀನು ಎಂತ ಹೇಳಿದ್ದಿ?" ಎಂದು ಮಾಷ್ಟ್ರು ಕೇಳಿದರು. ಈಗ ನಾನು ಏಕವಚನಕ್ಕೆ ಇಳಿದಿದ್ದೆ.

"ಪರವಾಗಿಲ್ಲ ಅಂದೆ."

"ಆ ಆರು ಜನರ ಎದುರು?"

"ಹೌದು."

"ಬೋರ್ಡಿನ ಮೇಲೆ ತಪ್ಪು ಲೆಕ್ಕ ಬರೆದರೆ ಬೋರ್ಡಿನ ಮೇಲೆಯೇ ಒರಸಬೇಕು. ಸಂಜೆ ಒಬ್ಬಳೇ ಬಂದು ನನ್ನ ಕಿವಿಯಲ್ಲಿ ಹೇಳಿದರೆ ಆಗುವುದಿಲ್ಲ. ನಾಳೆ ಅವರನ್ನು ಕರೆದುಕೊಂಡು ಬಾ."

ಮೂರನೆಯ ದಿನ ಬೆಳಗ್ಗೆ ಮಾಷ್ಟ್ರು ದಿಂಬಿಗೆ ಒರಗಿ ಕೂತಿದ್ದರು. ಅವರ ಹೆಂಡತಿ ಮಂಚದ ಬದಿಯಲ್ಲಿ ಗಂಜಿಯ ಪಾತ್ರೆ ಇಟ್ಟುಕೊಂಡು ಕೂತಿದ್ದರು. ಹುಡುಗರು ಅಭ್ಯಾಸದಂತೆ ನೋಟ್‌ಪುಸ್ತಕ ಬಿಡಿಸಿ ಅರ್ಧಚಂದ್ರಾಕಾರದಲ್ಲಿ ನಿಂತರು. ನಾನು ಆಪರೇಷನ್ನಿನ ದಿನದ ಚಾರ್ಟನ್ನು ಎತ್ತಿ ಹಿಡಿದು ಮೊದಲಿನಿಂದ ಪಾಠ ಮಾಡಿದೆ. ಮೊದಲ ಆಕಳಿಕೆ ಯಾವಾಗ, ಆಗ ನಾನು ಏನು ಹೇಳುತ್ತಿದ್ದೆ, ಎರಡನೆಯದು ಯಾವಾಗ, ಆಗ ನಾನು ಏನೆಂದು ನಕ್ಕೆ, ನಾನು ನೋಡದೆ ಇದ್ದುದರಿಂದ ಯಾವ ಹೊತ್ತಿನ ಚುಕ್ಕೆಗಳು ಚಾರ್ಟಿನಲ್ಲಿ ಇಲ್ಲ, ಎಲ್ಲವನ್ನೂ ಹೇಳಿದೆ. ಈ ಸಲ ಯಾರೂ ನಗಲಿಲ್ಲ, ನಗಿಸಲು ನನ್ನಿಂದ ಆಗಲೂ ಇಲ್ಲ. ಆಮೇಲೆ, ಪ್ರಶ್ನೆ ಇದ್ದರೆ ಕೇಳಬಹುದು ಎಂದೆ.

ಒಬ್ಬ ಕೇಳಿದ. "ಸಿಸ್ಟರ್ ನೋಡದೆ ಇದ್ದಿದ್ದರೆ ಎಂತ ಆಗುತ್ತಿತ್ತು ಮೇಡಂ?"

"ಹೃದಯದ ಬಡಿತ ಇನ್ನೂ ನಿಧಾನವಾಗಿ..." ಎಂದು ಆರಂಭಿಸಿದೆ. ಹುಡುಗರ ಪೆನ್ನುಗಳು ಕಾಗದಕ್ಕೆ ಇಳಿದವು.

ಮಾಷ್ಟ್ರು ಕೈ ಎತ್ತಿ ನನ್ನನ್ನು ತಡೆದರು. "ಅದಕ್ಕೆ ಉತ್ತರ ನಾನು ಹೇಳುತ್ತೇನೆ" ಎಂದು ಹೆಂಡತಿಯ ಕಡೆ ತೋರಿಸಿದರು. "ಇವಳು ಅವತ್ತು ಹೊರಗೆ ಬೆಂಚಿನಲ್ಲಿ ಗಂಜಿಯ ಪಾತ್ರೆ ಹಿಡಿದುಕೊಂಡು ಕೂತಿದ್ದಳು. ನಿಮ್ಮಲ್ಲಿ ಒಬ್ಬರು ಬಾಗಿಲು ತೆರೆದು ಹೊರಗೆ ಹೋಗಿ ಇವಳಿಗೆ ಹೇಳಬೇಕಾಗುತ್ತಿತ್ತು."

ಮಾಷ್ಟ್ರ ಹೆಂಡತಿಗೆ ಅರ್ಥವಾಗುವ ಮಾತಿನಲ್ಲಿ ಇದನ್ನು ಅದುವರೆಗೆ ಯಾರೂ ಹೇಳಿರಲಿಲ್ಲ. ಬಟ್ಟಲಿಗೆ ಗಂಜಿ ಬಗ್ಗಿಸುತ್ತಿದ್ದ ಅವರ ಕೈ ಹಾಗೆಯೇ ನಿಂತಿತು, ಬಟ್ಟಲು ತುಂಬಿ ಚಾದರದ ಮೇಲೆ ಚೆಲ್ಲಿತು. ಉತ್ತರವನ್ನು ಯಾರೂ ಬರೆದುಕೊಳ್ಳಲಿಲ್ಲ. ಆರು ಜನರೂ ಪುಸ್ತಕ ಬಿಟ್ಟು ಆ ಹೆಂಗಸಿನ ಮುಖವನ್ನು ನೋಡಿದರು. ನಾನೂ ನೋಡಿದೆ.